ಬೀಗರ ತಂತಿ

ಖಣಿಪೇಟೆಯಲ್ಲಿ ಲಗ್ನ ಗೊತ್ತಾಯಿತೆಂದರೆ ಜನ ಬಂಗಾರದ ಮಾತಿಗಿಂತ ಮೊದಲು ತಂತಿಯ ಮಾತೆತ್ತುತ್ತಾರೆ. ಹೆಣ್ಣಿನ ಮನೆಯ ಮಾತಿನ ಪೆಟ್ಟಿಗೆಯಿಂದ ಗಂಡಿನ ಮನೆಯ ಪೆಟ್ಟಿಗೆಗೆ ಗಾಜಿನ ತಂತಿ ಎಳೆಯಬೇಕು, ಅದರ ತುದಿಗೆ ಅರಿಶಿನ ಹಚ್ಚಿ ಖಾನೆಯೊಳಗೆ ಸಿಕ್ಕಿಸಬೇಕು. ಖಾನೆಯ ಮೇಲಿನ ದೀಪ ಹಸಿರಾದದ್ದನ್ನು ಎರಡೂ ಕಡೆಯ ಬೀಗರು ಕಣ್ಣಾರೆ ನೋಡಿದ ಮೇಲೆಯೇ ಊಟದ ಪಂಕ್ತಿ ಕೂರುವುದು.

ಈ ಪದ್ಧತಿ ಪುರಾಣ ಕಾಲದ್ದೇನಲ್ಲ. ಮೂವತ್ತೈದು ವರ್ಷಗಳ ಹಿಂದೆ ಸೂರ್ಯ ಕೆರಳಿ ಕೂತ. ಅಂದಿನಿಂದ ಗಾಳಿಯಲ್ಲಿ ಹಾರುತ್ತಿದ್ದ ಮಾತೆಲ್ಲ ನಿಂತುಹೋಯಿತು. ಮೊಬೈಲು, ರೇಡಿಯೋ, ಉಪಗ್ರಹ, ಯಾವುದಕ್ಕೆ ಕಿವಿಗೊಟ್ಟರೂ ಬರೀ ಗೊರಗೊರ. ಬಿಸಿಲಂತೂ ಅದಕ್ಕೂ ಮೊದಲೇ ಮಿತಿಮೀರಿತ್ತು. ಫರಸಿ ಕಲ್ಲು ತೆಗೆದು ಬಿಟ್ಟಿದ್ದ ಹಳೆಯ ಖಣಿಯೊಂದಕ್ಕೆ ಜನ ಇಳಿದರು. ಅದರ ಗೋಡೆಗಳಲ್ಲಿ ಅಂತಸ್ತು ಅಂತಸ್ತಾಗಿ ಮನೆ ಕೊರೆದುಕೊಂಡರು. ಅಲ್ಲಿ ಯಾರೋ ಒಬ್ಬ ಅಪ್ಪ, ಕೊಟ್ಟ ಮಗಳ ದನಿ ದಿನಾ ಮುಂಜಾನೆ ಕೇಳಬೇಕೆಂಬ ಆಸೆಗೆ ಅವಳ ಗಂಡನ ಮನೆಯವರೆಗೆ ಒಂದು ತಂತಿ ಎಳೆಸಿದ. ಆತ ಎಳೆಸಿದ ಮೇಲೆ ಪಕ್ಕದ ಮನೆಯವನು ಕಡಿಮೆಯಾಗಲು ಒಪ್ಪುತ್ತಾನೆಯೇ? ಹೀಗೆ ಲಗ್ನದ ಮೇಲೆ ಲಗ್ನ, ತಂತಿಯ ಮೇಲೆ ತಂತಿ ಬಿದ್ದು ಊರಿಗೊಂದು ಜಾಲವಾಯಿತು. ಸರ್ಕಾರದ ಎಂಜಿನಿಯರು ಯಾರೂ ಅದರ ನಕ್ಷೆ ಬರೆಯಲಿಲ್ಲ, ಬೀಗತನವೇ ಬರೆಯಿತು.

ಆ ಜಾಲವನ್ನು ನೋಡಿಕೊಳ್ಳುವವಳು ಜಗದೇವಿ. ವಯಸ್ಸು ಮೂವತ್ತೊಂದು. ಖಣಿಯ ತಳದ ತಂತಿಮನೆ ಅವಳ ಕಚೇರಿ. ಇನ್ನು ಇಪ್ಪತ್ತು ದಿನಕ್ಕೆ ಅವಳ ತಂಗಿ ಮಹಾನಂದಾಳ ಲಗ್ನ, ಸೋದರಮಾವ ಸಾಯಬಣ್ಣನ ಮಗ ರೇವಣಸಿದ್ಧನ ಜೊತೆ. ತವರಿನ ಪಡಸಾಲೆಯ ಪೆಟ್ಟಿಗೆಯಲ್ಲಿ ಐದು ಖಾನೆಗಳಿದ್ದವು. ಮೊದಲನೆಯದರಲ್ಲಿ ಅವ್ವ ನೀಲಮ್ಮನ ತಂತಿ; ಅದು ಅವಳ ತಮ್ಮ ಸಾಯಬಣ್ಣನ ಮನೆಗೆ ಹೋಗುತ್ತಿತ್ತು. ಎರಡು, ಮೂರು ನೆರೆಯವರವು. ನಾಲ್ಕನೆಯದು ಜಗದೇವಿಯ ಲಗ್ನದ ತಂತಿ. ಅದರ ದೀಪ ಒಂಬತ್ತು ವರ್ಷದಿಂದ ಕಿತ್ತಳೆ ಬಣ್ಣದಲ್ಲೇ ಉರಿಯುತ್ತಿತ್ತು.

"ಐದ್ನೇ ಖಾನಿ ಒರಸಿ ಇಟ್ಟೀನಿ, ಜಗು," ಎಂದಳು ನೀಲಮ್ಮ. "ಹಸ್ರ ಆಗ್ತದಲಾ?"

ಜಗದೇವಿ ಚಹಾದ ಬಟ್ಟಲನ್ನು ತಿರುಗಿಸುತ್ತ ಕೂತಳು. ಹಸಿರಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತೇನೋ, ಗೊತ್ತಿದ್ದೇ ಕೇಳಿದ್ದಳು.

"ನೋಡ್ತೀನಿ, ಅವ್ವ."

"ಒಂದ ಮನ್ಯಾಗ ಎರಡು ಹೆಣ್ಮಕ್ಳು. ಒಬ್ಬಾಕಿದು ಹಂಗಾತು. ಇನ್ನೊಬ್ಬಾಕಿದೂ ಹಂಗಾದ್ರ ನಾ ಹ್ಯಾಂಗ ತಡಕೊಳ್ಳಲಿ?"

ಮಹಾನಂದಾ ಒಳಗೆ ಏನೂ ಕೇಳಿಸದವಳಂತೆ ಸೀರೆ ಮಡಿಸುತ್ತಿದ್ದಳು. ಅದೇ ಸೀರೆಯನ್ನು ಬಿಚ್ಚಿ ಮೂರನೆಯ ಸಲ ಮಡಿಸುತ್ತಿದ್ದಳು.

ದೀಪ ಯಾಕೆ ಹಸಿರಾಗುವುದಿಲ್ಲ ಎಂಬುದನ್ನು ಹೇಳಬೇಕಾದರೆ ಒಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮನೆಮನೆಯ ಪೆಟ್ಟಿಗೆ ಬಹಳ ಸಾಧು ಪ್ರಾಣಿ. ಊರಿಗೆಲ್ಲ ಮುಟ್ಟಬೇಕಾದ ಕರೆಯೊಂದು ಒಂದು ಖಾನೆಯಿಂದ ಬಂದರೆ, ಉಳಿದೆಲ್ಲ ಖಾನೆಗಳಿಂದ ಅದನ್ನು ಹೊರಗೆ ಕಳಿಸುತ್ತದೆ. ಅದಕ್ಕೆ ಗೊತ್ತಿರುವುದು ಅಷ್ಟೇ. ತಂತಿಗಳು ಮರದ ಹಾಗೆ ಕವಲೊಡೆದು ಹೋಗಿದ್ದರೆ ಕರೆ ತುದಿ ಮುಟ್ಟಿ ಮುಗಿಯುತ್ತದೆ. ಎಲ್ಲಾದರೂ ತಂತಿಗಳು ಸುತ್ತಿ ಬಂದು ಕೂಡಿದರೆ ಕರೆ ತಿರುಗಿ ಬರುತ್ತದೆ, ಪೆಟ್ಟಿಗೆ ಅದನ್ನು ಮತ್ತೆ ಎಲ್ಲ ಕಡೆ ಕಳಿಸುತ್ತದೆ, ಅದು ಮತ್ತೆ ಬರುತ್ತದೆ. ನಮ್ಮ ಜನವೋ ಸೋದರಿಕೆ ಬಿಡುವವರಲ್ಲ. ಅಕ್ಕನ ಮಗಳನ್ನು ತಮ್ಮನ ಮನೆಗೆ ತಂದುಕೊಂಡು, ಅಣ್ಣನ ಮಗಳನ್ನು ತಂಗಿಯ ಮನೆಗೆ ಕೊಟ್ಟು, ನಾಲ್ಕು ಲಗ್ನದೊಳಗೆ ಒಂದು ಸುತ್ತು ಕಟ್ಟಿಬಿಡುತ್ತಾರೆ. ಇದರಿಂದ ಏನಾಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಅಂಥದೊಂದು ಲಗ್ನದ ಮಧ್ಯಾಹ್ನ ಹೊಸ ತಂತಿ ಸಿಕ್ಕಿಸಿದ ಮರುಗಳಿಗೆಗೆ ಯಜಮಾನ ಊರನ್ನೆಲ್ಲ ಕರೆದ: "ಊಟಕ್ಕ ಬರ್ರಿ." ಆ ಕರೆ ಸುತ್ತತೊಡಗಿತು. ಮೊದಲು ಜನ ನಕ್ಕರು. ಆರು ನಿಮಿಷದಲ್ಲಿ ತಂತಿಗಳ ತುಂಬ "ಊಟಕ್ಕ ಬರ್ರಿ" ಬಿಟ್ಟು ಬೇರೆ ಮಾತಿಗೆ ಎಡೆಯೇ ಉಳಿಯಲಿಲ್ಲ. ಅದೇ ಹೊತ್ತಿಗೆ ಮೇಲಿನ ಬಯಲಿಂದ ಉರಿಗಾಳಿ ಎದ್ದಿತು. ಕಾವಲಿನವನು ಕಳಿಸಿದ ಎಚ್ಚರಿಕೆ ಯಾವ ಮನೆಗೂ ಮುಟ್ಟಲಿಲ್ಲ. ಮೇಲಂತಸ್ತಿನ ಕಟ್ಟೆಯ ಮೇಲೆ ಕಲ್ಲು ಕೆತ್ತುತ್ತಿದ್ದ ಗಂಡಹೆಂಡತಿ ಇಬ್ಬರೂ ಅಲ್ಲೇ ಸತ್ತರು.

ಆಮೇಲೆ ತಂತಿಮನೆಯ ಹಿರಿಯ ಬಾಬುಮಿಯಾ ಮತ್ತು ಆಗಷ್ಟೇ ಕೆಲಸ ಕಲಿತಿದ್ದ ಜಗದೇವಿ ಸೇರಿ ಪೆಟ್ಟಿಗೆಗಳಿಗೆ ಒಂದು ಕಾಯ್ದೆ ಕಲಿಸಿದರು. ಎರಡು ಸೆಕೆಂಡಿಗೊಮ್ಮೆ ಪೆಟ್ಟಿಗೆಗಳು ನೆರೆಯ ಪೆಟ್ಟಿಗೆಗಳ ಜೊತೆ ಪಿಸುಗುಟ್ಟಬೇಕು: ಬೇರಿನ ಪೆಟ್ಟಿಗೆ ಯಾವುದು, ಅಲ್ಲಿಗೆ ನೀನೆಷ್ಟು ದೂರ? ತಂತಿಮನೆಯದೇ ಬೇರು. ಪ್ರತಿ ಪೆಟ್ಟಿಗೆ ಬೇರಿಗೆ ಹೋಗುವ ಹತ್ತಿರದ ದಾರಿಯನ್ನು ಇಟ್ಟುಕೊಂಡು, ಸುತ್ತು ಕಟ್ಟುವ ತಂತಿಯನ್ನು ಮಲಗಿಸಬೇಕು. ಎಚ್ಚರವಿದ್ದ ತಂತಿ ಕಡಿದರೆ ಮಲಗಿದ್ದು ಏಳುತ್ತದೆ. ಮಲಗಿದ ತಂತಿಗೆ ಕಿತ್ತಳೆ ದೀಪ.

ಕಾಯ್ದೆಯನ್ನು ಚಾಲೂ ಮಾಡಿದ ಸಂಜೆ ಊರು ಶಾಂತವಾಯಿತು. ಜಗದೇವಿ ಹಿಗ್ಗಿ ಮನೆಗೆ ಬಂದಳು. ಅವಳ ಲಗ್ನವಾಗಿ ಆಗ ನಲವತ್ತು ದಿನ. ಗಂಡ ಧೂಳಪ್ಪ ಪೆಟ್ಟಿಗೆಯ ಮುಂದೆ ನಿಂತಿದ್ದ. ಅವರಿಬ್ಬರ ತಂತಿ ಮಲಗಿತ್ತು.

"ಒಂದ ದಿನ ಹಸ್ರ ಮಾಡು, ಜಗದೇವಿ," ಎಂದಿದ್ದ ಅವನು. "ಮಂದಿ ನೋಡಿ ಹೋಗ್ಲಿ. ಆಮ್ಯಾಲ ಬೇಕಾದ್ರ ಮಲಗಿಸು."

"ನಮ್ಮ ಮನಿಗಿ ಬಿಟ್ಟು ಉಳದವ್ರಿಗಷ್ಟೇ ಕಾಯ್ದೆ ಅಂದ್ರ ಯಾರು ಕೇಳ್ತಾರ?" ಎಂದಿದ್ದಳು ಅವಳು.

ಇಬ್ಬರದೂ ಸರಿಯೇ. ಆದರೆ ಇಪ್ಪತ್ತೆರಡರ ವಯಸ್ಸಿನಲ್ಲಿ ಸರಿಯಾಗಿರುವುದು ಬಹಳ ಮುಖ್ಯವೆನಿಸುತ್ತದೆ. ಮಲಗಿದ ತಂತಿಯ ಸೊಸೆ ಎಂದು ಬಂದುಹೋದವರೆಲ್ಲ ಆಡಿದರು. ಮಾತಿಗೆ ಮಾತು ಬೆಳೆಯಿತು. ನಾಲ್ಕು ದಿನ ಇದ್ದು ಬರುತ್ತೇನೆಂದು ತವರಿಗೆ ಬಂದವಳು ಮತ್ತೆ ಹೋಗಲಿಲ್ಲ, ಅವನೂ ಕರೆಯಲು ಬರಲಿಲ್ಲ.

ಈಗ ಮಹಾನಂದಾಳ ಪಾಲಿಗೆ ಬಂದಿರುವುದು ಎಲ್ಲಕ್ಕಿಂತ ಚಿಕ್ಕ ಸುತ್ತು. ಎರಡೇ ಮನೆ, ನಡುವೆ ಎರಡು ತಂತಿ: ಅವ್ವನದೊಂದು, ಮಗಳದೊಂದು. ಕಾಯ್ದೆಯ ಪ್ರಕಾರ ಒಂದು ಮಲಗಲೇಬೇಕು. ಮೊದಲ ಖಾನೆಯದು ಎದ್ದಿರುತ್ತದೆ, ಐದನೆಯದು ಬೀಗರ ಕಣ್ಣೆದುರಿಗೇ ಮಲಗುತ್ತದೆ.

"ಊರಾಗ ತಂತಿ ಐನೂರಾ ಮೂರು," ಎಂದ ಬಾಬುಮಿಯಾ ಮರುದಿನ ತಂತಿಮನೆಯಲ್ಲಿ. ಅವನಿಗೆ ಈಗ ಅರವತ್ತೆಂಟು. ಕೆಲಸ ಬಿಟ್ಟಿದ್ದರೂ ಚಹಾದ ಥರ್ಮಾಸು ಹಿಡಿದು ದಿನಾ ಬರುತ್ತಿದ್ದ. "ತೊಂಬತ್ತೊಂದು ಮಲಗ್ಯಾವ. ಇನ್ನೊಂದು ಮಲಗ್ತದ. ಹಸ್ರ ಬೇಕಂದ್ರ ಆ ಖಾನಿಗಿ ಕಾಯ್ದೆ ತಗದ ಬಿಡು, ಬೇಟಿ. ಆದ್ರ ಉರಿಗಾಳಿ ಬಂದ ದಿನ ನನ್ನ ಮುಂದ ಅಳಬ್ಯಾಡ."

"ಅದು ಗೊತ್ತದ, ಬಾಬುಕಾಕಾ. ಮಲಗಿದ್ದನ್ನ ಎಬ್ಬಿಸೋ ಮಾತು ಕೇಳ್ಲತ್ತೀನಿ, ಕಾಯ್ದೆ ತಗಿಯೋದಲ್ಲ."

"ಸುತ್ತೂ ಇರಬಾರ್ದು, ಯಾರೂ ಮಲಗಬಾರ್ದು. ಅಷ್ಟೇ ಹೌದಲ್ಲೋ?" ಎಂದು ನಕ್ಕು ಅವನು ಚಹಾ ಸುರಿದ.

ದಾರಿ ಹೊಳೆದದ್ದು ಅಡುಗೆಮನೆಯಲ್ಲಿ. ಲಗ್ನದ ಶೇಂಗಾ ಹೋಳಿಗೆಗೆ ಅವ್ವ, ಇಬ್ಬರು ಹೆಣ್ಣುಮಕ್ಕಳು ಮೂವರೂ ಶೇಂಗಾ ಸಿಪ್ಪೆ ತೆಗೆಯುತ್ತಿದ್ದರು. ಎದುರಿನ ಗೋಡೆಯ ಮೂಡಣ ಮೆಟ್ಟಿಲಿನ ಮೇಲೆ ಯಾರದೋ ಹೆಣ ಹೊತ್ತವರು ಮೇಲೇರುತ್ತಿದ್ದರು. ಮಹಾನಂದಾ ಕೈ ನಿಲ್ಲಿಸಿದಳು.

"ಅವ್ವಾ, ನಮ್ಮ ಬೀಗರು ಆ ಮೆಟ್ಲಿನ ಮ್ಯಾಲಿಂದ ಬರ್ತಾರೇನು?"

"ಛೀ, ಹುಚ್ಚಿ! ಅದು ಹೆಣದ ಮೆಟ್ಲು. ಬೀಗರು ಬಡಗಣದಿಂದ ಬರ್ತಾರ. ನೀರಿನವರು ಪಡುವಣದಿಂದ. ಇಷ್ಟ ವರ್ಷ ಇಲ್ಲೇ ಇದ್ದು ಗೊತ್ತಿಲ್ಲೇನು?"

ಜಗದೇವಿ ಶೇಂಗಾದ ತಟ್ಟೆ ಕೆಳಗಿಟ್ಟಳು. ಮೂರು ಮೆಟ್ಟಿಲು. ಯಾವ ಮನೆಯಿಂದ ಹೊರಟರೂ ಮೂರರಲ್ಲಿ ಯಾವುದರಿಂದಲಾದರೂ ಮೇಲೆ ಹೋಗಬಹುದು. ಹೆಣಕ್ಕೆ ಒಂದು ದಾರಿ, ಲಗ್ನಕ್ಕೆ ಒಂದು, ನೀರಿಗೆ ಒಂದು. ಹೆಣದವರ ಪಾಲಿಗೆ ಬಡಗಣ ಮೆಟ್ಟಿಲು ಇಲ್ಲವೇ ಇಲ್ಲ, ಬೀಗರ ಪಾಲಿಗೆ ಮೂಡಣದ್ದು ಇಲ್ಲ. ಆದರೂ ಈ ಊರಿನಲ್ಲಿ ಕೆಲಸವಿಲ್ಲದ ಮೆಟ್ಟಿಲು ಒಂದೂ ಇಲ್ಲ. ಹಾಗಿರುವಾಗ ಎಲ್ಲ ಬಗೆಯ ಕರೆಗೂ ಒಂದೇ ಮರ ಯಾಕೆ?

"ಎಲ್ಲಿಗಿ ಹೊಂಟಿ? ಶೇಂಗಾ ಯಾರು ಸುಲೀಬೇಕು?" ಎಂದು ನೀಲಮ್ಮ ಕೂಗುವಷ್ಟರಲ್ಲಿ ಅವಳು ಅರ್ಧ ಖಣಿ ಇಳಿದಿದ್ದಳು.

ತಂತಿಮನೆಯ ಫರಸಿಯ ಮೇಲೆ ಸೀಮೆಸುಣ್ಣದಿಂದ ಬರೆದು ಅವಳು ಬಾಬುಮಿಯಾನಿಗೆ ತೋರಿಸಿದಳು. ಪ್ರತಿ ಕರೆಗೂ ಅದರ ಜಾತಿಯ ಗುರುತು ಇದ್ದೇ ಇದೆ. ಮಾತಿನ ಕರೆ ಒಂದನೆಯ ಮರದ ಮೇಲೆ ಹೋಗಲಿ, ಬೇರು ತಂತಿಮನೆ. ನೀರಿನ ಪಾಳಿಯ ಕರೆ ಎರಡನೆಯ ಮರದ ಮೇಲೆ, ಬೇರು ಪಡುವಣದ ನೀರುಮನೆ. ಉರಿಗಾಳಿಯ ಎಚ್ಚರಿಕೆ, ಸಾವಿನ ಸುದ್ದಿ, ಇಂಥ ಅಪರೂಪದವು ಮೂರನೆಯ ಮರದ ಮೇಲೆ, ಬೇರು ಮೇಲಿನ ಕಾವಲುಕಟ್ಟೆ. ಒಂದೊಂದು ಮರದೊಳಗೂ ಸುತ್ತು ಇರುವುದಿಲ್ಲ. ಒಂದು ಮರದಲ್ಲಿ ಮಲಗಿದ ತಂತಿ ಇನ್ನೊಂದು ಮರದಲ್ಲಿ ಎದ್ದಿರಬಹುದು. ಒಂದಕ್ಕಾದರೂ ಎದ್ದಿದ್ದರೆ ದೀಪ ಹಸಿರು.

ಬಾಬುಮಿಯಾ ಬಹಳ ಹೊತ್ತು ನೋಡಿದ. ಥರ್ಮಾಸಿನ ಮುಚ್ಚಳ ತೆಗೆದವನು ಸುರಿಯುವುದನ್ನೇ ಮರೆತ.

"ಯಾವ ಕರೀ ಯಾವ ಮರಕ್ಕ ಅನ್ನೋ ಪಟ್ಟಿ ಎಲ್ಲಾ ಪೆಟಿಗ್ಯಾಗೂ ಒಂದೇ ಇರಬೇಕು," ಎಂದ ಕೊನೆಗೆ. "ಒಂದ ಮನ್ಯಾಗ ಒಂದ ಸಾಲು ಬ್ಯಾರೆ ಇತ್ತಂದ್ರ?"

"ಪೆಟಿಗಿ ತನ್ನ ಪಟ್ಟೀದು ಸಾರ ತಗದು ನೆರಿಯವಕ್ಕ ತೋರಸ್ತದ. ಸಾರ ಕೂಡಿದ್ರ ನಮ್ಮವ. ಕೂಡ್ಲಿಲ್ಲಂದ್ರ ಪರಕೀಯ. ಪರಕೀಯನ ಜೋಡಿ ಹಳೀ ಒಂದ ಮರದ ಲೆಕ್ಕ ಅಷ್ಟೇ. ಅನಾಹುತ ಏನೂ ಆಗಂಗಿಲ್ಲ."

"ಹಂಗಾದ್ರ ಮಾಡು. ಒಂದೊಂದೇ ಮರ ನೆಡೋಣು. ಮೂರನೇದು ಮೊದಲು, ಮಾತಿಂದು ಆಮ್ಯಾಲ, ನೀರಿಂದು ಕಡೀಕ್ಕ. ನೀರು ಕೆಟ್ರ ಮಂದಿ ನಮ್ಮಿಬ್ಬರನ್ನೂ ಉಳಸಂಗಿಲ್ಲ."

ನೀರಿನ ವಿಷಯದಲ್ಲಿ ಊರು ನಿಜಕ್ಕೂ ಕಠೋರ. ಎಚ್ಚರವಿರುವ ತಂತಿ ಹೋದ ದಾರಿಯಲ್ಲೇ ಪಾಳಿ ಮನೆಯಿಂದ ಮನೆಗೆ ಇಳಿಯುತ್ತದೆ. ಮೇಲಿನ ಮನೆಯವರ ಟಾಕಿ ತುಂಬಿದರೆ ತಂತಿಯ ಮೇಲೆ ಕೆಳಗಿನ ಮನೆಗೆ ಅವರೇ ಬಾಯಿಂದ ಹೇಳಬೇಕು: "ನಮ್ಮ ಟಾಕಿ ತುಂಬ್ತು, ನಿಮ್ಮ ಪಾಳಿ." ಕೆಳಗಿನವರು ಮೂವತ್ತು ಎಣಿಸುವುದರೊಳಗೆ "ಕೇಳ್ಸ್ತು" ಎನ್ನಬೇಕು. ಅನ್ನದಿದ್ದರೆ ಅವರ ಕೆಳಗಿನ ಅಷ್ಟೂ ಮನೆಗಳ ಪಾಳಿ ಅವತ್ತಿಗೆ ತಪ್ಪಿತು. ಜಗಳವಾಡಿದ ಮನೆಗಳೂ ಈ ಎರಡು ಮಾತಿಗೆ ಬಾಯಿ ಬಿಡುತ್ತವೆ.

ಹನ್ನೆರಡು ದಿನ ಜಗದೇವಿ ಮನೆಮನೆ ಹತ್ತಿ ಇಳಿದಳು. ಪೆಟ್ಟಿಗೆ ಮನೆಯವರದು, ಮುಚ್ಚಳ ತೆಗೆಯುವ ಹಕ್ಕೂ ಅವರದೇ. ಅವರು ತೆಗೆದುಕೊಟ್ಟರೆ ಇವಳು ಪಟ್ಟಿ ತುಂಬಿ, ಅದರದೇ ಒಂದು ಕಾಗದದ ನಕಲನ್ನು ಗೋಡೆಗೆ ತೂಗುಹಾಕುತ್ತಿದ್ದಳು. ತಂಗಿಯ ದೀಪಕ್ಕಾಗಿ ಊರಿನ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿದಳೆಂದು ಕೆಲವರು ಕೊಂಕು ನುಡಿದರು. ನಮ್ಮ ಮಲಗಿದ ತಂತಿಯೂ ಏಳುತ್ತದೆಯೇ ಎಂದು ಕೆಲವರು ದನಿ ತಗ್ಗಿಸಿ ಕೇಳಿದರು. ಅಂಥ ಮನೆಗಳಲ್ಲಿ ಅವಳಿಗೆ ಚಹಾ ಜೊತೆ ಚುರುಮುರಿಯೂ ಸಿಕ್ಕಿತು. ಧೂಳಪ್ಪನ ಮನೆಗೆ ಮಾತ್ರ ಬಾಬುಮಿಯಾ ಹೋಗಿ ಬಂದ.

ತವರು ಮತ್ತು ಮಾವನ ಮನೆಯ ಎರಡು ತಂತಿಗಳಲ್ಲಿ ಯಾವುದಕ್ಕೆ ಯಾವ ಮರವೆಂಬುದನ್ನು ಅವಳೇ ಆರಿಸಬೇಕಿತ್ತು. ಅವ್ವ ಮೂವತ್ತೆರಡು ವರ್ಷದಿಂದ ದಿನಾ ಮುಂಜಾನೆ ತಮ್ಮನ ಜೊತೆ ಮಾತಾಡುವುದು ಮೊದಲ ಖಾನೆಯ ತಂತಿಯ ಮೇಲೆ. ಅದನ್ನು ಕದಲಿಸಲು ಮನಸ್ಸು ಬರಲಿಲ್ಲ. ಮಾತು ಹಳೆಯದಕ್ಕೇ ಇರಲಿ, ಮೂರನೆಯ ಮರ ಹೊಸದಕ್ಕೆ ಸಿಗಲಿ ಎಂದು ಪೆಟ್ಟಿಗೆಯಲ್ಲೂ ಮಾವನ ಮನೆಯ ಗೋಡೆಯ ಕಾಗದದಲ್ಲೂ ಬರೆದಳು.

ಲಗ್ನಕ್ಕೆ ಎರಡು ದಿನವಿರುವಾಗ ಪರೀಕ್ಷೆಗೆಂದು ಹೊಸ ತಂತಿಯನ್ನು ಐದನೆಯ ಖಾನೆಗೆ ಸಿಕ್ಕಿಸಿದಳು. ದೀಪ ಮಿಟುಕಿ ಕಿತ್ತಳೆಯಾಯಿತು. ಮಹಾನಂದಾ ನೋಡಿ ಒಳಗೆ ಹೋದಳು. ಈ ಸಲ ಸೀರೆಯನ್ನೂ ಮಡಿಸಲಿಲ್ಲ.

ಜಗದೇವಿ ತಂತಿಮನೆಗೆ ಓಡಿ ಪರದೆ ನೋಡಿದಳು. ಸಾರ ಕೂಡಿದ ಪೆಟ್ಟಿಗೆಗಳೆಲ್ಲ ಒಂದೇ ಬಣ್ಣದಲ್ಲಿ ಒಟ್ಟಾಗಿದ್ದವು. ಒಂದೇ ಒಂದು ಪೆಟ್ಟಿಗೆ ಬೇರೆ ಬಣ್ಣದಲ್ಲಿ ಒಂಟಿಯಾಗಿ ಕೂತಿತ್ತು. ಅದು ಸೋದರಮಾವ ಸಾಯಬಣ್ಣನ ಮನೆ.

ಮಾವ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಕಾಶಿಬಾಯಿ ಪೆಟ್ಟಿಗೆಗೆ ಕುಂಕುಮ ಹಚ್ಚುತ್ತಿದ್ದಳು. ಜಗದೇವಿ ಮುಚ್ಚಳ ತೆಗೆಸಿ ಪಟ್ಟಿ ಓದಿದಳು. ಎಲ್ಲ ಸರಿಯಿತ್ತು, ಒಂದು ಸಾಲು ಬಿಟ್ಟು. ಸಾವಿನ ಸುದ್ದಿ ಮೂರನೆಯ ಮರದಿಂದ ಒಂದನೆಯದಕ್ಕೆ ಜಿಗಿದಿತ್ತು.

"ಅತ್ತಿ, ಇದನ್ಯಾರು ತಿದ್ದಿದ್ರು?"

"ನಾನೇ ತಿದ್ದೀನಿ," ಎಂದಳು ಕಾಶಿಬಾಯಿ, ಕುಂಕುಮದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ಗ್ವಾಡಿ ಮ್ಯಾಲ ನೀನೇ ಬರದು ತೂಗ ಹಾಕಿದಿ. ಹೊಸಾ ತಂತಿಗಿ ಮೂರನೇ ಮರ, ಮೂರನೇ ಮರಕ್ಕ ಸಾವಿನ ಸುದ್ದಿ. ಓದಿ ನನ್ನ ಕೈಕಾಲು ತಣ್ಣಗಾದವು. ನನ್ನ ಸೊಸಿ ತಂತಿ ಮ್ಯಾಲ ಮೊದಲನೇ ಕರೀ ಯಾರದರೇ ಹೆಣದ್ದು ಬರಬೇಕೇನು? ಹೆಣದ ಮೆಟ್ಲಿನ ಮ್ಯಾಲಿಂದ ಯಾರರೇ ಸೊಸಿನ ಕರಕೊಂಡು ಬರ್ತಾರೇನವ್ವ?"

ಜಗದೇವಿ ಗೋಡೆಯ ಕಾಗದವನ್ನು ಮತ್ತೊಮ್ಮೆ ಓದಿದಳು. ಆ ಮೆಟ್ಟಿಲನ್ನು ನೋಡಿಯೇ ಮರಗಳ ಉಪಾಯ ಹೊಳೆದದ್ದು. ಮೆಟ್ಟಿಲುಗಳನ್ನು ಲೆಕ್ಕಕ್ಕೆ ತಂದುಕೊಂಡವಳು ಅವುಗಳ ಮರ್ಯಾದೆಯನ್ನು ಬಿಟ್ಟುಬಂದಿದ್ದಳು. ತನ್ನ ಮೇಲೇ ಅವಳಿಗೆ ನಾಚಿಕೆಯಾಯಿತು.

"ತಪ್ಪು ನಂದೇ, ಅತ್ತಿ. ಆದ್ರ ನೀವೊಬ್ರೇ ತಿದ್ದಿದ್ದಕ್ಕ ನಿಮ್ಮ ಪೆಟಿಗಿ ಊರಿಗಿ ಪರಕೀಯ ಆಗ್ಯಾದ. ಅದಕ್ಕ ದೀಪ ಕಿತ್ತಳಿ."

"ಕಿತ್ತಳಿ?" ಕಾಶಿಬಾಯಿ ಅಲ್ಲೇ ಕುಸಿದು ಕೂತಳು. "ಅಯ್ಯ ನನ ಶಿವನ! ನಾ ಕೂಸಿಗಿ ಒಳ್ಳೇದಾಗ್ಲಿ ಅಂತ ಮಾಡಿದ್ನೇ!"

ಆಗ ಪೆಟ್ಟಿಗೆಯೊಳಗಿಂದ ನೀಲಮ್ಮನ ದನಿ ಬಂತು. ಹಳೆಯ ತಂತಿ ತೆರೆದೇ ಇತ್ತು; ಮಗಳು ಓಡಿದಾಗಿನಿಂದ ಅವಳು ತನ್ನ ಮನೆಯ ತುದಿಗೆ ಕಿವಿಗೊಟ್ಟು ಕೂತಿದ್ದಳು.

"ಕಾಶಿ, ಅಳಬ್ಯಾಡ. ಜಗು, ಕೇಳಿಲ್ಲಿ. ಸಾವು, ಉರಿಗಾಳಿ ಎಲ್ಲಾ ನನ್ನ ತಂತಿಗಿ ಹಾಕು. ಮಾತು ಮಹಾನಂದಾಗ ಕೊಡು."

"ಅವ್ವಾ, ನೀ ದಿನಾ ಮುಂಜಾನಿ ಮಾವನ ಜೋಡಿ..."

"ಇನ್ನ ಮುಂದನೂ ಮಾತಾಡ್ತೀನಿ, ಮಗಳ ತಂತಿ ಮ್ಯಾಲ. ನಮ್ಮವ್ವ ಸತ್ತ ಸುದ್ದಿ ನಂಗ ಇದೇ ತಂತಿ ಮ್ಯಾಲ ಬಂತು. ನೀ ಹುಟ್ಟಿದ್ದೂ ಇದರ ಮ್ಯಾಲೇ ತವರಿಗಿ ಹೇಳಿದೆ. ಎರಡೂ ಹೊತ್ತಾದ, ಏನೂ ಆಗಿಲ್ಲ ಅದಕ್ಕ. ಹಳೀ ತಂತಿಗಿ ಯಾವ ಅಪಶಕುನ?"

"ನೀಲಕ್ಕಾ..." ಎಂದಳು ಕಾಶಿಬಾಯಿ. ಅವಳೇ ಎದ್ದು ತಿದ್ದಿದ ಸಾಲನ್ನು ಹಿಂದಿನಂತೆ ಬರೆದಳು.

ಅಷ್ಟು ಸಾಕಿತ್ತು. ಊರಿನ ಪಟ್ಟಿ ಹಾಗೇ ಉಳಿಯಿತು. ಎರಡು ಖಾನೆಗಳ ಹಿರಿತನವನ್ನು ಆ ಒಂದು ಪೆಟ್ಟಿಗೆಯಲ್ಲಿ ಜಗದೇವಿ ಅದಲುಬದಲು ಮಾಡಿದಳು: ಮಾತಿನ ಮರಕ್ಕೆ ಹೊಸ ತಂತಿ ಮುಂದೆ, ಮೂರನೆಯದಕ್ಕೆ ಹಳೆಯದು ಮುಂದೆ.

ಲಗ್ನದ ಮಧ್ಯಾಹ್ನ ಬಡಗಣ ಮೆಟ್ಟಿಲಿನಿಂದ ಬೀಗರು ಬಂದರು. ಮಹಾನಂದಾ ಅರಿಶಿನ ಹಚ್ಚಿದ ತುದಿಯನ್ನು ಐದನೆಯ ಖಾನೆಗೆ ಸಿಕ್ಕಿಸಿದಳು. ಪಡಸಾಲೆಯವರೆಲ್ಲ ಕತ್ತು ಚಾಚಿದರು. ದೀಪ ಮಿಟುಕಿತು, ಇನ್ನೊಮ್ಮೆ ಮಿಟುಕಿತು, ಹಸಿರಾಯಿತು. ಮೊದಲ ಖಾನೆಯದೂ ಹಸಿರಾಗಿಯೇ ಇತ್ತು. ನೀಲಮ್ಮ ಕಣ್ಣೊರೆಸಿಕೊಂಡು, ಹೋಳಿಗೆ ಬಡಿಸಿರೆಂದು ಗದರಿದಳು.

ಊಟ ಮುಗಿಯುವ ಹೊತ್ತಿಗೆ ಸೂರ್ಯ ಪಡುವಣ ಗೋಡೆಯ ಹಿಂದೆ ಇಳಿದಿದ್ದ. ತಂತಿಮನೆಯಲ್ಲಿದ್ದ ಬಾಬುಮಿಯಾ ಕೊನೆಗೆಂದು ಉಳಿಸಿದ್ದ ನೀರಿನ ಮರವನ್ನು ಚಾಲೂ ಮಾಡಿದ.

"ಅಕ್ಕಾ," ಎಂದಳು ಮಹಾನಂದಾ, ಕೈಯಲ್ಲಿದ್ದ ವೀಳ್ಯವನ್ನು ಹಾಗೇ ಹಿಡಿದು. "ನಾಕನೇದು ನೋಡು."

ನಾಲ್ಕನೆಯ ಖಾನೆಯ ದೀಪ ಹಸಿರಾಗಿತ್ತು.

ನೀರಿನ ಮರದ ಬೇರು ಪಡುವಣದ ನೀರುಮನೆ. ಅಲ್ಲಿಂದ ಈ ಮನೆಗೆ ಹತ್ತಿರದ ದಾರಿ ಧೂಳಪ್ಪನ ಮನೆಯ ಮೇಲಿಂದ ಬರುತ್ತದೆ. ಮರ ಎಲ್ಲಿಂದ ಹೊರಡಬೇಕೆಂದು ಜಗದೇವಿ ಬರೆದಿದ್ದಳು. ಟೊಂಗೆ ಎಲ್ಲೆಲ್ಲಿ ಹಾಯಬೇಕೆಂದು ಪೆಟ್ಟಿಗೆಗಳೇ ಪಿಸುಗುಟ್ಟಿ ಕಂಡುಕೊಂಡಿದ್ದವು. ಹನ್ನೆರಡು ದಿನದಲ್ಲಿ ಸ್ವಂತ ಮನೆಯ ನೀರಿನ ದಾರಿಯೊಂದನ್ನು ಅವಳು ನೋಡಿರಲಿಲ್ಲ. ಮರೆತಳೋ, ನೋಡಲು ಅಂಜಿದಳೋ, ಅದನ್ನು ಅವಳೇ ಹೇಳಬೇಕು.

ಪೆಟ್ಟಿಗೆ ಗರಗರ ಎಂದಿತು. ಒಂಬತ್ತು ವರ್ಷದಿಂದ ಕೇಳದ ದನಿ ಬಂತು.

"ನಮ್ಮ ಟಾಕಿ ತುಂಬ್ತು."

ಅಲ್ಲಿಗೆ ನಿಂತಿತು. ಅವನೂ ತನ್ನ ಗೋಡೆಯ ದೀಪವನ್ನು ನೋಡುತ್ತಿದ್ದಿರಬೇಕು. ಪಡಸಾಲೆಯಲ್ಲಿ ಯಾರೋ ಮೆಲ್ಲಗೆ ಎಣಿಸತೊಡಗಿದರು. ಇವರ ಕೆಳಗೆ ನಲವತ್ತು ಮನೆಗಳ ಟಾಕಿಗಳು ಕಾಯುತ್ತಿದ್ದವು.

"ಜಗದೇವಿ," ಎಂದ ಧೂಳಪ್ಪ. ಪಾಳಿಯ ಕಾಯ್ದೆಯಲ್ಲಿ ಹೆಸರು ಹಿಡಿಯಬೇಕೆಂದು ಎಲ್ಲೂ ಇಲ್ಲ. "ನಿಮ್ಮ ಪಾಳಿ."

ಅವಳು ಪೆಟ್ಟಿಗೆಯ ಹತ್ತಿರ ಹೋದಳು. ಎಣಿಕೆ ಹತ್ತೊಂಬತ್ತಕ್ಕೆ ಬಂದಿತ್ತು.

"ಕೇಳ್ಸ್ತು," ಎಂದಳು. ಪಾಳಿಯ ಮಾತು ಅಲ್ಲಿಗೆ ಮುಗಿಯಿತು. ಆದರೂ ಅವಳು ಖಾನೆಯ ಬಳಿಯಿಂದ ಮುಖ ತೆಗೆಯಲಿಲ್ಲ. "ನಾಳಿ ಯಾ ಹೊತ್ತಿಗಿ?"

"ಇದೇ ಹೊತ್ತಿಗಿ," ಎಂದ ಅವನು. "ದಿನಾ."

ಹಿತ್ತಲಿನ ಟಾಕಿಗೆ ನೀರು ಬೀಳತೊಡಗಿತು.